ಆಫ್ರಿಕಾದ ಮೇಜು, ಏಷ್ಯಾದ ಮೇಜು

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಬೇರೆಯವರ ತಪ್ಪು ಹೇಳಲು ಕೂತರೆ ನನ್ನ ಬಾಯಿ ನಿಲ್ಲುವುದಿಲ್ಲ. ಆಮೇಲೆ ನನ್ನದು ಹಾಗೇ ಮುಚ್ಚಿಹೋಗುತ್ತದೆ.

ಐರ್ಲೆಂಡಿನ ಡ್ರೋಹೆಡಾ ಊರಿಗೆ ನರ್ಸ್ ಆಗಿ ಬಂದು ಎಂಟು ತಿಂಗಳಾಗಿತ್ತು. ರಜೆಯ ದಿನ ಮಧ್ಯಾಹ್ನ, ಹತ್ತು ಕಿಲೋ ಅಕ್ಕಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡ ಕಪ್ಪು ಹೆಂಗಸೊಬ್ಬರು ಕೂತಿದ್ದರು. ಹಿಂದಿನಿಂದ ಎದ್ದುಬಂದ ಇಬ್ಬರು ಯುವಕರು ಅವರ ಮುಖದ ಹತ್ತಿರ ಬಾಗಿ ‘ಆಫ್ರಿಕಾಗೆ ವಾಪಸ್ ಹೋಗು’ ಎಂದು ಅರಚಿದರು. ಒಬ್ಬ ಆ ತಲೆಬಟ್ಟೆಯನ್ನು ಎಳೆದು ಕೆಳಗೆ ಹಾಕಿದ. ಆಮೇಲೆ ನನ್ನ ಕಡೆ ತಿರುಗಿ ‘ನೀನೂ ಅಷ್ಟೇ’ ಎಂದ. ನಾನು ಮಾಡಿದ್ದೇನು ಗೊತ್ತೆ? ಬ್ಯಾಗು ತಡಕಿ, ನನ್ನ ರೆಸಿಡೆನ್ಸ್ ಕಾರ್ಡು ತೆಗೆದು, ಟಿಕೆಟ್ ತೋರಿಸುವ ಹಾಗೆ ಮುಂದೆ ಹಿಡಿದೆ. ‘ನಾನು ಆಫ್ರಿಕಾದವಳಲ್ಲ. ಇಂಡಿಯಾದವಳು. ನೋಡಿ, ಇಲ್ಲಿ ಬರೆದಿದೆ’ ಎಂದೆ. ಅವರು ಬಿದ್ದು ಬಿದ್ದು ನಕ್ಕು, ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು.

ಆ ಹೆಂಗಸು ಬಟ್ಟೆ ಎತ್ತಿಕೊಂಡು, ಕೊಡವಿ, ಮತ್ತೆ ಸುತ್ತಿಕೊಂಡರು. ನನ್ನನ್ನೊಮ್ಮೆ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದರೆ, ಅಯ್ಯೋ ದೇವರೇ, ಅವರೇ! ಬೇರೆ ವಾರ್ಡಿನಿಂದ ನಮ್ಮಲ್ಲಿಗೆ ಹಾಕಿದ್ದ ಹೊಸ ಕೇರ್ ಅಸಿಸ್ಟೆಂಟ್. ಟೀ ಹೊತ್ತಿನಲ್ಲಿ ನನ್ನ ಎದುರಿಗೇ ಬಂದು ಕೂತರು. ‘ಅವರು ನಿನ್ನ ಕಾರ್ಡು ಕೇಳಿರಲಿಲ್ಲ’ ಎಂದರು. ಆಮೇಲೆ ‘ಸಕ್ಕರೆ ಎಷ್ಟು ಹಾಕಲಿ?’ ಎಂದರು.

ಅವರು ಕಾಂಗೋ ದೇಶದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ. ಆದರೆ ನನ್ನ ಮನಸ್ಸಿನಲ್ಲಿ ಅವರು ಅವತ್ತಿನಿಂದ ಅಕ್ಕ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನಾನು ಸಿದ್ದಿ. ಯಲ್ಲಾಪುರದ ಕಾಡಂಚಿನ ಊರಿನವಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿಗೆ ತುಂಬಿ ಗೋವೆಗೆ ತಂದು ಮಾರಿದರಂತೆ. ಅವರು ಒಡೆಯರ ಕೈ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರಂತೆ. ನನ್ನ ಅಜ್ಜಿಗೆ ಗೊತ್ತಿದ್ದ ಚರಿತ್ರೆ ಇಷ್ಟೇ. ಆಫ್ರಿಕಾ ಎಲ್ಲಿದೆ ಎಂದು ಕೇಳಿದರೆ ‘ಯಾರಿಗೆ ಗೊತ್ತೇ, ಕಾರವಾರದ ಆಚೆ ಇರಬೇಕು’ ಎನ್ನುತ್ತಿದ್ದಳು. ಬಣ್ಣ, ಕೂದಲು, ಮೂಗು ಎಲ್ಲ ಆ ಕಡೆಯದು. ಮಾತು, ಊಟ, ಜಗಳ ಎಲ್ಲ ಈ ಕಡೆಯದು. ನಾನು ನರ್ಸಿಂಗ್ ಓದಿದ ಮಂಗಳೂರಿನಲ್ಲಿ ಬಸ್ ಕಂಡಕ್ಟರ್ ನನ್ನೊಬ್ಬಳ ಹತ್ತಿರ ಮಾತ್ರ ಇಂಗ್ಲಿಷಿನಲ್ಲಿ ಸ್ಟಾಪ್ ಕೇಳುತ್ತಿದ್ದ. ಕನ್ನಡದಲ್ಲಿ ಉತ್ತರ ಕೊಟ್ಟರೆ ಇಡೀ ಬಸ್ಸಿಗೆ ಕೇಳುವ ಹಾಗೆ ‘ಓ, ಇವರಿಗೆ ಕನ್ನಡ ಬರ್ತದೆ ಮಾರಾಯ್ರೆ!’ ಎಂದು ಸಾರುತ್ತಿದ್ದ. ಹುಟ್ಟಿದ ನಾಡಿನಲ್ಲಿ ಮನೆಮಾತು ಆಡಿದ್ದಕ್ಕೆ ನನಗೆ ಶಭಾಷ್‌ಗಿರಿ.

ಇನ್ನೊಂದು ನೆನಪು ಹೇಳಲೇಬೇಕು, ಮುಂದೆ ಅದರದ್ದೇ ರಾದ್ಧಾಂತ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಯಾವುದೋ ಸರಕಾರಿ ಉತ್ಸವಕ್ಕೆ ನಮ್ಮ ಕೇರಿಯ ಹೆಂಗಸರನ್ನು ಕುಣಿಯಲು ಕರೆದರು. ಡಮಾಮಿ ಎಂಬ ನಮ್ಮ ಡೋಲು ಬಡಿದು ಕುಣಿಯುವುದು ನಮಗೆ ಹೊಸದಲ್ಲ. ಮನೆಯಲ್ಲಿ ಸಂತೋಷವಾದಾಗ, ಉಟ್ಟ ಸೀರೆಯಲ್ಲೇ, ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡೇ ಕುಣಿಯುತ್ತಿದ್ದೆವು. ಅವ್ವ ತನ್ನ ಒಂದೇ ಒಂದು ರೇಷ್ಮೆ ಸೀರೆ ಉಟ್ಟು ಹೊರಟಳು. ಅಲ್ಲಿದ್ದ ವ್ಯವಸ್ಥಾಪಕರು ನೋಡಿ ‘ಛೆ ಛೆ, ಹೀಗಲ್ಲ. ಎಲೆ ಕಟ್ಕೊಳ್ಳಿ, ಮುಖಕ್ಕೆ ಬಿಳಿ ಬಣ್ಣ ಹಚ್ಕೊಳ್ಳಿ. ಕಾಡುಜನರ ತರ ಕಾಣ್ಬೇಕು’ ಎಂದರು. ಅವ್ವ ಸೀರೆ ಬಿಚ್ಚಿ, ಮಡಚಿ, ಚೀಲಕ್ಕೆ ಹಾಕಿ, ಎಲೆ ಕಟ್ಟಿಕೊಂಡಳು. ನಾನೂ ಕಟ್ಟಿಕೊಂಡೆ. ಮೈಯೆಲ್ಲ ತುರಿಕೆ. ಜನ ಶಿಳ್ಳೆ ಹೊಡೆದರು.

ಹೀಗೆ ಬೆಳೆದವಳಿಗೆ ಐರ್ಲೆಂಡಿನ ಬಸ್ಸಿನಲ್ಲಿ ‘ನಾನು ಇಂಡಿಯಾದವಳು’ ಎನ್ನುವುದು ಗೆಲುವಿನ ಮಾತಾಗಿ ಕಂಡಿತ್ತು. ಇಂಡಿಯಾದವರೇ ಒಪ್ಪದ್ದನ್ನು ಕಾರ್ಡು ಒಪ್ಪಿತ್ತಲ್ಲ! ಅದನ್ನು ಹಿಡಿದು ನಾನು ಇನ್ನೊಬ್ಬ ಕಪ್ಪು ಹೆಂಗಸನ್ನು ಒಂಟಿಯಾಗಿ ಬಿಟ್ಟೆ. ನಾಚಿಕೆಯಾಗುತ್ತದೆ. ಹದಿಮೂರು ವರ್ಷವಾಯಿತು, ಇವತ್ತಿಗೂ ನಾಚಿಕೆಯಾಗುತ್ತದೆ.

ಅಕ್ಕನಿಗೆ ಒಂದು ಗುಂಪಿತ್ತು. ಹತ್ತು ಹನ್ನೆರಡು ಜನ ಶನಿವಾರ ಬೆಳಿಗ್ಗೆ ಚರ್ಚಿನ ಹಾಲ್‌ನಲ್ಲಿ ಸೇರುತ್ತಿದ್ದರು. ಯಾರಿಗೆ ಎಲ್ಲಿ ಬೈದರು, ಯಾರ ಬಾಗಿಲಿಗೆ ಮೊಟ್ಟೆ ಎಸೆದರು, ಯಾರಿಗೆ ಬಾಡಿಗೆ ಮನೆ ಫೋನಿನಲ್ಲಿ ಇದ್ದದ್ದು ಮುಖ ನೋಡಿದ ಮೇಲೆ ಇಲ್ಲವಾಯಿತು, ಇದೇ ಮಾತು. ನಾನು ಹೋಗಿ ಮೂಲೆಯಲ್ಲಿ ಕೂತೆ. ವಾರ್ಡಿನಲ್ಲಿ ನಮಗೆ ಕಲಿಸುವುದು ಒಂದೇ: ಬರೆದಿಡದಿದ್ದರೆ ಆ ಕೆಲಸ ಆಗಿಲ್ಲವೆಂದೇ ಅರ್ಥ. ಅದನ್ನೇ ಅಲ್ಲಿಗೂ ತಂದೆ. ಯಾವ ದಿನ, ಯಾವ ಬಸ್ಸು, ಏನು ಮಾತು, ಹತ್ತಿರ ಯಾರಿದ್ದರು, ಎಲ್ಲ ಬರೆಸಿದೆ. ಪೊಲೀಸ್ ಸ್ಟೇಷನ್ನಿಗೆ ಹೋದಾಗ ನಮ್ಮವರು ಈಗ ತಡವರಿಸುತ್ತಿರಲಿಲ್ಲ, ಹಾಳೆ ಮುಂದಿಡುತ್ತಿದ್ದರು.

ಆದರೆ ಅಕ್ಕನ ಕಣ್ಣು ಇನ್ನೂ ದೂರ ಇತ್ತು. ಕಪ್ಪು ಜನರನ್ನು ಗಡಿಗಳಲ್ಲಿ ನಿಲ್ಲಿಸಿದಾಗ, ದೋಣಿಗಳಲ್ಲಿ ಮುಳುಗಲು ಬಿಟ್ಟಾಗ ಈ ದೇಶ ಜಗತ್ತಿನ ಮುಂದೆ ಏನು ಹೇಳುತ್ತದೆ, ಅದು ಅವರ ಪ್ರಶ್ನೆ. ‘ಈ ಐರಿಷರ ಅಜ್ಜಂದಿರೂ ಬರಗಾಲದಲ್ಲಿ ಹಸಿದು ಹಡಗು ಹತ್ತಿದವರೇ. ಇವರಿಗೆ ಅರ್ಥವಾಗದಿದ್ದರೆ ಇನ್ನು ಯಾರಿಗೆ ಆಗಬೇಕು?’ ಎನ್ನುತ್ತಿದ್ದರು. ರಾತ್ರಿಪಾಳಿ ಮುಗಿಸಿ, ಅದೇ ಯೂನಿಫಾರ್ಮಿನ ಮೇಲೆ ಕೋಟು ಹಾಕಿಕೊಂಡು ಡಬ್ಲಿನ್ ರೈಲು ಹತ್ತಿ, ಮಂತ್ರಿಗಳ ಕಚೇರಿಯಲ್ಲಿ ಪಟ್ಟು ಹಿಡಿದು ಕೂರುತ್ತಿದ್ದರು. ಅವರ ಒಡಹುಟ್ಟಿದ ಅಕ್ಕನ ಮಗ ಅಂಥದೊಂದು ದೋಣಿಯಲ್ಲಿ ಹೋದವನು, ದಡ ಸೇರಲಿಲ್ಲ.

ಎರಡು ವರ್ಷದ ಕೆಳಗೆ ಇಲ್ಲಿಯ ಸರಕಾರ ಬೇರೆ ದೇಶಗಳ ಜೊತೆ ಮಾನವ ಹಕ್ಕುಗಳ ಬಗ್ಗೆ ಏನೇನು ಮಾತಾಡಬೇಕು ಎಂಬ ನೀತಿಯ ಕರಡು ಮಾಡಲು ಹೊರಟಿತು. ವಲಸೆ ಬಂದವರ ಸಂಘಗಳೆಲ್ಲ ಸೇರಿ ಒಂದು ಮನವಿ ಕೊಡಿ, ಎಲ್ಲರ ಸಹಿ ಇದ್ದರೆ ತೆಗೆದುಕೊಳ್ಳುತ್ತೇವೆ ಎಂದರು. ಅಕ್ಕ ದೋಣಿಗಳ ಬಗ್ಗೆ ಬರೆದರು. ನಾನು ಒಂದೇ ಒಂದು ಪ್ಯಾರಾ ಬರೆದೆ. ಆಫ್ರಿಕಾ ಮೂಲದವರು ಆಫ್ರಿಕಾ, ಅಮೆರಿಕಾಗಳಲ್ಲಿ ಮಾತ್ರ ಇಲ್ಲ. ಕರ್ನಾಟಕದ ಕಾಡಿನಲ್ಲೂ ಇದ್ದೇವೆ, ಕನ್ನಡ ಮಾತಾಡುತ್ತೇವೆ, ನಮ್ಮ ನಾಡಿನಲ್ಲೇ ನಮ್ಮನ್ನು ಪರದೇಶಿಯ ಹಾಗೆ ನೋಡುತ್ತಾರೆ. ನೀವು ಕಪ್ಪು ಜನರ ಪರ ಮಾತಾಡುವಾಗ ನಮ್ಮನ್ನೂ ಸೇರಿಸಿ ಮಾತಾಡಿ. ಅಷ್ಟೇ. ಆ ಪ್ಯಾರಾ ಅಲ್ಲಿ ಉಳಿಯಬೇಕು, ನನಗೆ ಬೇಕಾದದ್ದು ಅದೊಂದೇ.

ಡಬ್ಲಿನ್ನಿನ ಸಭೆಯಲ್ಲಿ ಖಂಡಕ್ಕೊಂದು ಮೇಜು ಹಾಕಿದ್ದರು. ನನ್ನ ಮುಖ ನೋಡಿ ಬಾಗಿಲಲ್ಲೇ ಆಫ್ರಿಕಾದ ಮೇಜು ತೋರಿಸಿದರು. ಕೂತೆ. ಸರಕಾರದ ಕಡೆಯ ಹುಡುಗಿಯೊಬ್ಬಳು, ಒಳ್ಳೆಯವಳೇ, ನನ್ನ ಪ್ಯಾರಾ ಓದಿ ‘ತುಂಬಾ ಚೆನ್ನಾಗಿದೆ. ಆದರೆ ಇದು ಏಷ್ಯಾದ ಮೇಜಿಗೆ ಹೋಗಬೇಕು’ ಎಂದಳು. ಚೀಲ ಎತ್ತಿಕೊಂಡು ಏಷ್ಯಾಕ್ಕೆ ಹೋದೆ. ಅಲ್ಲಿ ಟೈ ಕಟ್ಟಿಕೊಂಡಿದ್ದ ಒಬ್ಬರು ಎದ್ದು ನಿಂತು, ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ, ಆಫ್ರಿಕಾದ ಮೇಜು ಆ ಕಡೆ ಎಂದರು.

‘ಅಲ್ಲಿಂದಲೇ ಕಳಿಸಿದ್ರು ಸರ್’ ಎಂದೆ ಕನ್ನಡದಲ್ಲಿ. ಅವರ ಎದೆಯ ಮೇಲಿನ ಚೀಟಿಯಲ್ಲಿ ಕನ್ನಡ ಸಂಘದ ಅಧ್ಯಕ್ಷರು ಎಂದು ಬರೆದಿತ್ತು.

‘ಅರೆ! ಎಷ್ಟು ಚಂದ ಕನ್ನಡ ಮಾತಾಡ್ತೀರಿ!’

‘ನೀವೂ ಅಷ್ಟೇ ಸರ್.’

ಅವರು ಕರಾವಳಿಯವರು. ಇಲ್ಲಿ ದಕ್ಷಿಣದ ಬಂದರೂರಾದ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಗುತ್ತಲೇ ನನ್ನ ಹಾಳೆ ಓದಲು ತೊಡಗಿದವರು ಮುಗಿಸುವಾಗ ನಗುತ್ತಿರಲಿಲ್ಲ. ಮೂರು ದಿನದ ಮೇಲೆ ಫೋನ್ ಮಾಡಿದರು.

‘ಸಿಸ್ಟರ್, ನೀವು ನಮ್ಮ ಕಡೆಯವರು. ಮನೆ ವಿಷಯ ಹೊರಗಿನವರ ಎದುರು ಎಂತಕ್ಕೆ ಹೇಳುದು? ಈಗ ಇಲ್ಲಿ ನಮ್ಮವರನ್ನೇ ದಾರಿಯಲ್ಲಿ ಹೊಡೀತಾ ಇದ್ದಾರೆ. ಊರಲ್ಲಿ ನಾವೇ ಬೇರೆಯವರಿಗೆ ಹೀಗೆ ಮಾಡ್ತೇವೆ ಅಂತ ಗೊತ್ತಾದ್ರೆ ನಮ್ಮ ಕಷ್ಟ ಯಾರು ಕೇಳ್ತಾರೆ ಹೇಳಿ?’

ಅದರಲ್ಲಿ ಹುರುಳಿಲ್ಲದೆ ಇಲ್ಲ. ಅವರ ಕಾರಿನ ಗಾಜು ಒಡೆದದ್ದು, ನಾನೂ ಇದ್ದ, ಇಲ್ಲಿಯ ನೂರಾರು ಕನ್ನಡಿಗರ ವಾಟ್ಸಾಪ್ ಗುಂಪಿಗೆಲ್ಲ ಗೊತ್ತಿತ್ತು. ಲಾರಿಯಿಂದ ಕಲ್ಲು ಹಾರಿತು ಎಂದು ಅವರೇ ಬರೆದಿದ್ದರು, ಯಾರೂ ನಂಬಿರಲಿಲ್ಲ. ನಾನು ಸ್ವಲ್ಪ ಮೆತ್ತಗಾದೆ. ಅಷ್ಟರಲ್ಲಿ ಅವರು ಎಲ್ಲ ಕೆಡಿಸಿಬಿಟ್ಟರು.

‘ಆ ಪ್ಯಾರಾ ತೆಗೀರಿ. ಇಲ್ಲದಿದ್ರೆ ಸಂಘ ಸೈನ್ ಹಾಕುದಿಲ್ಲ. ಮತ್ತೆ ಬೇಜಾರು ಮಾಡ್ಬೇಡಿ, ಈ ಸಲ ರಾಜ್ಯೋತ್ಸವಕ್ಕೆ ನಿಮ್ಮದೇ ಒಂದು ಪ್ರೋಗ್ರಾಂ ಇಡುವ. ನಿಮ್ಮ ಜನರ ಡಾನ್ಸ್ ಉಂಟಲ್ಲ, ಎಲೆ ಎಲ್ಲ ಕಟ್ಟಿಕೊಂಡು... ಭಾರೀ ಲಾಯ್ಕಾಗ್ತದೆ.’

ನನ್ನ ಮೈಯೆಲ್ಲ ಉರಿದುಹೋಯಿತು. ‘ಅಲ್ಲ ಸರ್, ಎಲೆ ಕಟ್ಕೊಂಡು ಕುಣಿಯೋಕೆ ಮಾತ್ರ ನಾನು ಮನೆಯವಳು, ಬಾಯಿ ತೆಗೆದ್ರೆ ಮನೆ ಮರ್ಯಾದೆ ಹೋಯ್ತಾ? ನಾನು ಈ ದೇಶಕ್ಕೆ ಬಂದು ಇಷ್ಟು ವರ್ಷ ಆಯ್ತು. ಒಂದು ಯುಗಾದಿಗೆ ಯಾರಾದ್ರೂ ಊಟಕ್ಕೆ ಕರೆದಿದ್ದೀರಾ? ಪ್ಯಾರಾ ತೆಗೆಯಲ್ಲ. ನಿಮ್ಮ ಸೈನು ನೀವೇ ಇಟ್ಕೊಳ್ಳಿ’ ಎಂದು ಫೋನ್ ಇಟ್ಟೆ.

ಶನಿವಾರ ಚರ್ಚಿನ ಹಾಲ್‌ನಲ್ಲಿ ವಿಷಯ ಹೇಳಿದೆ. ಒಂದು ಸಂಘ ಕೈ ಎತ್ತಿದರೆ ಇಡೀ ಮನವಿ ಬಿದ್ದುಹೋಗುತ್ತದೆ ಎಂದು ಎಲ್ಲರೂ ಗಾಬರಿಯಾದರು. ‘ಈ ಸಲ ಬಿಡು ತಂಗಿ, ಮುಂದಿನ ಸಲ ಸೇರಿಸೋಣ’ ಎಂದರು. ಮುಂದಿನ ಸಲ! ನಮ್ಮ ಅಜ್ಜಿಯ ಕಾಲದಿಂದ ಕೇಳುತ್ತಿದ್ದೇವೆ ಈ ಮುಂದಿನ ಸಲವನ್ನು. ನಾನು ಅಕ್ಕನ ಕಡೆ ನೋಡಿದೆ, ಅವರಾದರೂ ನನ್ನ ಪರ ನಿಲ್ಲುತ್ತಾರೆ ಎಂದು.

‘ತೆಗೆದುಬಿಡು’ ಎಂದರು ಅಕ್ಕ. ‘ದೋಣಿಯವರ ಮಾತು ಮೊದಲು ಹೋಗಲಿ. ನಿನ್ನ ಮುಂದೆ ಕೈಯೊಡ್ಡಿ ಕೇಳುತ್ತಿದ್ದೇನೆ.’

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆದರೆ ಅವರ ಮುಂದೆ ಇಲ್ಲವೆನ್ನಲು ನನಗೆ ಯಾವ ಮುಖವಿತ್ತು? ಪೆನ್ನು ತೆಗೆದುಕೊಂಡು ನನ್ನ ಪ್ಯಾರಾವನ್ನು ನನ್ನ ಕೈಯಿಂದಲೇ ಹೊಡೆದುಹಾಕಿದೆ. ಸಂಘದ ಸಹಿ ಮಾರನೆಯ ದಿನವೇ ಬಂತು. ಮನೆಯಲ್ಲಿ ನನ್ನ ಮಗಳು, ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ಅರ್ಥವಾದರೂ ಇಲ್ಲಿಯ ರಾಗದ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ನಾನು ಗಂಡನಿಗೆ ಹೇಳುತ್ತಿದ್ದದ್ದನ್ನೆಲ್ಲ ಕೇಳಿಸಿಕೊಂಡು ‘ಬಟ್ ಅಮ್ಮಾ, ವಿಚ್ ಟೇಬಲ್ ಆರ್ ವೀ?’ ಎಂದಳು. ನಾವು ಯಾವ ಮೇಜಿನವರು ಎಂದು ಕೇಳಿದ್ದು ಹತ್ತು ವರ್ಷದ ಹುಡುಗಿ.

ಸೋಮವಾರ ಬೆಳಿಗ್ಗೆ ಆ ಸರಕಾರದ ಹುಡುಗಿಗೆ ಫೋನ್ ಮಾಡಿದೆ. ಸಂಘಗಳ ಮನವಿಯಲ್ಲಿ ಜಾಗವಿಲ್ಲದವರು ಏನು ಮಾಡಬೇಕು ಎಂದು ಕೇಳಿದೆ. ಒಬ್ಬೊಬ್ಬರೇ ಅಹವಾಲು ಕೇಳುವ ಸಮಿತಿಯ ಮುಂದೆ ಬಂದು ಬಾಯಿಮಾತಿನಲ್ಲಿ ಹೇಳಬಹುದು, ಹೇಳಿದ್ದನ್ನು ಹೇಳಿದ ಹಾಗೆಯೇ ಕರಡು ಬರೆಯುವವರಿಗೆ ಕೊಡುತ್ತೇವೆ, ಒಂದಕ್ಷರವನ್ನೂ ಯಾರೂ ತೆಗೆಯುವಂತಿಲ್ಲ ಎಂದಳು. ‘ನಿಮ್ಮ ಭಾಷೆಯಲ್ಲೇ ಮಾತಾಡಬಹುದು. ದುಭಾಷಿಯನ್ನು ನಾವೇ ಕರೆಸುತ್ತೇವೆ’ ಎಂದೂ ಸೇರಿಸಿದಳು.

‘ಕನ್ನಡಕ್ಕೆ ಇದ್ದಾರಾ?’

‘ಗ್ರ್ಯಾಂಡ್!’ ಎಂದಳು, ಇಲ್ಲಿಯವರು ಸರಿ ಎನ್ನುವುದು ಹಾಗೆ. ‘ಒಬ್ಬರು ಇದ್ದಾರೆ ನಮ್ಮ ಪಟ್ಟಿಯಲ್ಲಿ.’

ಆ ಒಬ್ಬರು ಯಾರೆಂದು ನನಗೆ ಗೊತ್ತಿತ್ತು. ಸರಕಾರದ ಪಟ್ಟಿಯಲ್ಲಿರುವ ಏಕೈಕ ಕನ್ನಡ ದುಭಾಷಿ ತಾವೇ ಎಂದು ಅಧ್ಯಕ್ಷರು ವಾಟ್ಸಾಪ್ ಗುಂಪಿನಲ್ಲಿ ಫೋಟೋ ಸಮೇತ ಹಾಕಿಕೊಂಡು, ಎಲ್ಲರಿಂದ ಅಭಿನಂದನೆ ಪಡೆದಿದ್ದರು. ಆಸ್ಪತ್ರೆಯಲ್ಲಿ ದುಭಾಷಿಗಳ ಜೊತೆ ಕೆಲಸ ಮಾಡಿ ಮಾಡಿ ಅವರ ನಿಯಮವೂ ನನಗೆ ಚೆನ್ನಾಗಿ ಗೊತ್ತಿತ್ತು. ಪೋಲಿಷ್ ಅಜ್ಜನಿಗೆ ಎದೆನೋವು ಬಂದರೆ, ಪಕ್ಕದಲ್ಲಿ ಗಟ್ಟಿಮುಟ್ಟಾಗಿ ಕೂತ ದುಭಾಷಿ ‘ನನಗೆ ಎದೆ ನೋಯುತ್ತಿದೆ’ ಎನ್ನಬೇಕು. ‘ಇವರಿಗೆ ನೋಯುತ್ತಿದೆಯಂತೆ’ ಎನ್ನುವ ಹಾಗಿಲ್ಲ. ಏನೂ ಸೇರಿಸುವಂತಿಲ್ಲ, ಏನೂ ಬಿಡುವಂತಿಲ್ಲ.

‘ಹಾಗಾದರೆ ಕನ್ನಡದಲ್ಲೇ ಹೇಳುತ್ತೇನೆ, ಬರೆದುಕೊಳ್ಳಿ’ ಎಂದೆ. ಅಕ್ಕನಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜೊತೆಗೆ ತಾವೂ ಬರುತ್ತೇನೆ ಎಂದರು.

ಆ ದಿನ ಅಧ್ಯಕ್ಷರು ಇಸ್ತ್ರಿ ಮಾಡಿದ ಸೂಟಿನಲ್ಲಿ ಬಂದರು. ಇಂಗ್ಲಿಷ್ ಬಾರದ ಯಾರೋ ವಯಸ್ಸಾದವರು ಇರಬೇಕು ಎಂದುಕೊಂಡಿದ್ದರೇನೋ. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು.

‘ಎಂತದು ಇದು? ನಿಮಗೆ ಇಂಗ್ಲಿಷ್ ಬರ್ತದಲ್ಲ!’

‘ಬರುತ್ತೆ ಸರ್. ಆದ್ರೆ ಇದನ್ನ ಕನ್ನಡದಲ್ಲೇ ಹೇಳ್ಬೇಕು ಅನ್ನಿಸ್ತು.’

ಉದ್ದನೆಯ ಮೇಜು, ಆ ಕಡೆ ಏಳು ಜನ. ನಡುವೆ ಕೂತಿದ್ದ ಹೆಂಗಸು ನಿಯಮ ಓದಿದರು. ದುಭಾಷಿ ಎಲ್ಲವನ್ನೂ ‘ನಾನು’ ಎಂದೇ ಹೇಳಬೇಕು. ಕೊನೆಯಲ್ಲಿ, ಹೇಳಿದ್ದೆಲ್ಲ ಪೂರ್ತಿಯಾಗಿ, ನಿಜವಾಗಿ ಬಂದಿದೆ ಎಂದು ಸಹಿ ಹಾಕಬೇಕು. ಆ ಸಹಿ ಇಲ್ಲದ ಮಾತು ಲೆಕ್ಕಕ್ಕೆ ಬರುವುದಿಲ್ಲ. ಅಕ್ಕ ನನ್ನ ಹಿಂದಿನ ಕುರ್ಚಿಯಲ್ಲಿ ಕೂತಿದ್ದರು.

‘ನಾನು ಸಿದ್ದಿ. ನಾನು ಕಪ್ಪು ಹೆಂಗಸು. ನಾನು ಕನ್ನಡದವಳು’ ಎಂದು ಶುರುಮಾಡಿದೆ.

‘ತಾನು ಸಿದ್ದಿ ಎಂದು ಈಕೆ ಹೇಳುತ್ತಿದ್ದಾರೆ...’ ಎಂದು ಅಧ್ಯಕ್ಷರು ಇಂಗ್ಲಿಷಿನಲ್ಲಿ ತೊಡಗುತ್ತಿದ್ದಂತೆಯೇ ಆ ಹೆಂಗಸು ಕೈ ಎತ್ತಿ ತಡೆದರು. ಅಧ್ಯಕ್ಷರು ನೀರು ಕುಡಿದರು. ಟೈ ಸಡಿಲ ಮಾಡಿಕೊಂಡರು. ‘ನಾನು ಕಪ್ಪು ಹೆಂಗಸು’ ಎಂದರು. ಯಾರೂ ನಗಲಿಲ್ಲ.

ನಾನು ಬಸ್ಸಿನ ವಿಷಯ ಹೇಳಿದೆ. ಕಾರ್ಡು ತೋರಿಸಿದ್ದನ್ನು ಹೇಳಿದೆ. ಅದೊಂದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ‘ನಾನು ಹೆದರಿ, ನನ್ನಂಥವಳೊಬ್ಬಳನ್ನು ನನ್ನವಳಲ್ಲ ಎಂದೆ’ ಎಂದು ಒಪ್ಪಿಕೊಂಡೆ. ಅಧ್ಯಕ್ಷರು ಅದನ್ನೆಲ್ಲ ಇಂಗ್ಲಿಷಿಗೆ ತಂದರು. ‘ವಾಪಸ್ ಹೋಗು’ ಎಂಬಲ್ಲಿ ಅವರ ದನಿ ಸಣ್ಣದಾಯಿತು. ಆ ಎರಡು ಮಾತು ಅವರ ಕಿವಿಗೂ ಹೊಸದಲ್ಲವೆಂದು ಅಲ್ಲಿದ್ದವರಿಗೆ ಗೊತ್ತಾಯಿತೋ ಇಲ್ಲವೋ, ನನಗೆ ಗೊತ್ತಾಯಿತು. ಹಿಂದಿನಿಂದ ಅಕ್ಕನ ಕೈ ನನ್ನ ಭುಜದ ಮೇಲೆ ಬಂತು.

ಆಮೇಲೆ ಅವ್ವ ರೇಷ್ಮೆ ಸೀರೆ ಬಿಚ್ಚಿದ್ದನ್ನು ಹೇಳಿದೆ. ‘ಇಲ್ಲಿಗೆ ಬಂದ ಮೇಲೂ ನನ್ನ ಭಾಷೆಯವರೇ ನನಗೆ ಫೋನ್ ಮಾಡಿ, ನಿನ್ನ ಮಾತು ಬೇಡ, ಎಲೆ ಕಟ್ಟಿಕೊಂಡು ಕುಣಿ ಅಂದರು’ ಎಂದೆ.

ಅಧ್ಯಕ್ಷರು ಬಾಯಿ ತೆರೆದರು, ಮುಚ್ಚಿದರು. ಮುಖ ಕೆಂಪಾಗಿತ್ತು. ಮೇಜಿನ ಆಚೆಯ ಏಳೂ ಜನ ಅವರನ್ನೇ ನೋಡುತ್ತಿದ್ದರು. ಅವರು ಅದೊಂದನ್ನು ಹಾರಿಸಿಬಿಟ್ಟಿದ್ದರೆ ಆ ಏಳು ಜನರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು.

‘ಹೇಳಿ ಸರ್’ ಎಂದೆ ಮೆಲ್ಲಗೆ. ‘ನಂಗೇನೂ ಅವಸರ ಇಲ್ಲ, ಕಾಯ್ತೀನಿ.’

ಅವರು ಹೇಳಿದರು. ಒಂದು ಪದವನ್ನೂ ಬಿಡದೆ, ನೆಲ ನೋಡುತ್ತಾ, ‘ನನಗೆ ಫೋನ್ ಮಾಡಿದರು, ಎಲೆ ಕಟ್ಟಿಕೊಂಡು ಕುಣಿ ಎಂದರು’ ಎಂದು ಹೇಳಿದರು. ಹೊಡೆದುಹಾಕಿದ ನನ್ನ ಪ್ಯಾರಾವನ್ನು ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅದನ್ನೂ ಅವರ ಬಾಯಿಂದಲೇ ಹೇಳಿಸಿದೆ. ‘ಇದನ್ನು ಆಫ್ರಿಕಾದ ಭಾಗಕ್ಕೆ ಸೇರಿಸಬೇಕೋ, ಏಷ್ಯಾಕ್ಕೋ?’ ಎಂದು ನಡುವಿನ ಹೆಂಗಸು ಕೇಳಿದರು. ‘ಎರಡಕ್ಕೂ ಹಾಕಿ. ನಾವು ಎರಡೂ ಕಡೆಯವರು. ಎರಡು ಸಲ ಟೈಪ್ ಮಾಡಿದರೆ ಯಾರ ಗಂಟೂ ಹೋಗಲ್ಲ’ ಎಂದೆ. ಅದನ್ನೂ ಅಧ್ಯಕ್ಷರು ಹಾಗೆಯೇ ಹೇಳಿದರು. ಆಕೆ ಬರೆದುಕೊಂಡರು.

ಹೇಳಿದ್ದೆಲ್ಲ ಟೈಪಾಗಿದ್ದ ಸಹಿಯ ಹಾಳೆ ಬಂತು. ಸಮಿತಿಯವರು ಟೀಗೆ ಎದ್ದುಹೋದರು. ಅಕ್ಕ, ನಾನು, ಅಧ್ಯಕ್ಷರು ಮೂವರೇ ಉಳಿದೆವು. ಅವರು ಪೆನ್ನು ಹಿಡಿದು, ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. ನನ್ನ ಮಾತಿನ ಕೆಳಗೆ ಅವರ ಹೆಸರು ಅಚ್ಚಾಗಿತ್ತು, ಮುಂದೆ ಖಾಲಿ ಗೆರೆ.

‘ಇದಕ್ಕೆ ನಾನು ಸೈನ್ ಹಾಕಿದ್ರೆ...’ ಎಂದು ನನ್ನ ಕಡೆ ನೋಡಿದರು. ‘ನಮ್ಮವರು ಎಂತ ಹೇಳಿಯಾರು?’

‘ನಾನೂ ನಿಮ್ಮವಳೇ ಅಲ್ವಾ ಸರ್’ ಎಂದೆ. ‘ನಾನು ಹೇಳ್ತಿದ್ದೀನಿ, ಹಾಕಿ.’

ಅವರು ಸಹಿ ಹಾಕಿದರು.